ಮೃಗಾಲಯದ ಕಾಂಪೌಂಡರ್ ಮತ್ತು ದೇವರ ಕರು

ಎಂಬತ್ತರ ದಶಕದಲ್ಲಿ ಹಿಂದೂಪುರದ ಹೊರಗೆ ಒಂದು ಚಿಕ್ಕ ಮೃಗಾಲಯವಿತ್ತು. ಅಲ್ಲಿನ ಕಾಂಪೌಂಡರ್ ಯಾವ ಪ್ರಾಣಿ ಬಂದರೂ ಮೊದಲು ಕಿವಿ ಮಡಚಿ ಉಣ್ಣಿ ಹುಡುಕುತ್ತಿದ್ದರು. "ಚಿರತೆಗಿಂತ ಇದ್ಕೆ ಹೆದ್ರಬೇಕು ಕಣಪ್ಪ," ಎನ್ನುವುದು ಅವರ ಮಾತು.

ಒಂದು ಬೇಸಿಗೆಯಲ್ಲಿ, ಕಲ್ಯಾಣದುರ್ಗದ ಕಡೆಯಿಂದ ತಂದಿದ್ದ ಐದು ಜಿಂಕೆಗಳಲ್ಲಿ ಮೂರು ಜ್ವರ ಬಂದು ಸತ್ತವು. ಕೆಟ್ಟ ಮೇವು ಹಾಕಿದನೆಂದು ಕಾವಲುಗಾರನನ್ನು ಕೆಲಸದಿಂದ ತೆಗೆಯಲು ಮೇಲಧಿಕಾರಿ ಹೊರಟಿದ್ದರು. ಪತ್ರಿಕೆಯ ವರದಿಗೆಂದು ನಾನು ಹೋದಾಗ ಕಾಂಪೌಂಡರ್ ಸತ್ತ ಜಿಂಕೆಯ ಮೈಯಿಂದ ಉಣ್ಣಿ ಕೀಳುತ್ತಿದ್ದರು. "ಮೇವಲ್ಲ, ಇದು ಉಣ್ಣಿ ಜ್ವರ," ಎಂದರು. ಪಕ್ಕದಲ್ಲೇ ದೇವರಿಗೆ ಬಿಟ್ಟ ಕರುವೊಂದು ಕುಂಟುತ್ತ ಮೇಯುತ್ತಿತ್ತು. ಜಿಂಕೆಗಳಿಗೆ ಜ್ವರ ಬರುವ ಮೊದಲು ಚಿಲಮತ್ತೂರು ರಸ್ತೆಯಲ್ಲಿ ಅದಕ್ಕೆ ಲಾರಿ ತಾಗಿತ್ತು. ದೇವರ ಕರುವಿಗೆ ಹಗ್ಗ ಹಾಕಬಾರದೆಂದು, ಯಾರೋ ಅದನ್ನು ಜಿಂಕೆಗಳ ಬೇಲಿಯೊಳಗೆ ಬಿಟ್ಟಿದ್ದರು. ಅದರ ಕೊರಳ ತುಂಬ ಅಂಥವೇ ಉಣ್ಣಿಗಳಿದ್ದವು.

"ಇದನ್ನು ಒಳಗೆ ಬಿಟ್ಟವರು ಯಾರು?" ಎಂದು ಕೇಳಿದೆ.

"ನಾನೇ ಅಂತ ಬರ್ಕಳಿ ಸಾರ್," ಎಂದ ಕಾವಲುಗಾರ. "ಹೆಂಗೂ ನನ್ ಕೆಲ್ಸ ಹೋಯ್ತದೆ."

"ಸುಮ್ಕಿರ್ಲಾ," ಎಂದರು ಕಾಂಪೌಂಡರ್. "ದೇವ್ರ ಕರು ಅಂತ ಮೈ ನೋಡ್ದೆ ಬಿಟ್ಬುಟ್ಟೋನು ನಾನು. ನನ್ ಹೆಸ್ರು ಬರ್ಕಳಪ್ಪ."

ಬರೆದುಕೊಂಡೆ. ಅವರು ಪುಸ್ತಕ ಇಸಿದುಕೊಂಡು ಓದಿದರು. ನಾನು ಅವರ ಹೆಸರಿನ ಇನಿಶಿಯಲ್ ಬಿಟ್ಟಿದ್ದೆ. ಪೆನ್ನು ಕೇಳಿ, ಅದನ್ನು ತಾವೇ ಸೇರಿಸಿದರು.