ಉಕೆರೆವೆಯಿಂದ ಬಂದ ಮಾತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ನೀವೂ ನಂಬಬೇಕಿಲ್ಲ. ಕೆಲವು ವರ್ಷಗಳ ಹಿಂದೆ ನೊಣವಿನಕೆರೆಯ ನಮ್ಮ ಮನೆಯಲ್ಲಿ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನನ್ನ ಮೈದುನ ರಘು ಆಫ್ರಿಕಾದ ಉಕೆರೆವೆ ದ್ವೀಪದಲ್ಲಿ ಅಕ್ಕಿ ಗಿರಣಿಯ ಮೆಕ್ಯಾನಿಕ್. ಅದು ಸಮುದ್ರದ್ದಲ್ಲ, ವಿಕ್ಟೋರಿಯಾ ಸರೋವರದ ಒಳಗಿನ ದ್ವೀಪ. ಹೆಸರಿನಲ್ಲೇ ಕೆರೆ ಇದೆಯಲ್ಲ ಎಂದು ಅತ್ತೆಗೆ ಖುಷಿ. ಭಾನುವಾರ ಮಧ್ಯಾಹ್ನ ಅವನು ವಿಡಿಯೋ ಕಾಲ್ ಮಾಡಿ ಊರು ತೋರಿಸುತ್ತಿದ್ದ. ಮನೆಯಷ್ಟು ದೊಡ್ಡ ಬಂಡೆಗಳು, ಅವುಗಳ ಸಂದಿಯಲ್ಲಿ ಮರಗೆಣಸಿನ ಹೊಲ, ಮರಳಿನ ಮೇಲೆ ಒಣಹಾಕಿದ ಬೆಳ್ಳಿಯಂಥ ಸಣ್ಣ ಮೀನು, ತಲೆಯ ಮೇಲೆ ನೀರು ಹೊತ್ತು ಬರುವ ಹೆಂಗಸರು.

ಒಂದು ಭಾನುವಾರ ಯಾರೋ ಕರೆದರೆಂದು ಅವನು ಫೋನನ್ನು ತಾನು ಬಾಡಿಗೆಗಿದ್ದ ಮನೆಯ ಒಡತಿಯ ಕೈಗೆ ಕೊಟ್ಟು ಹೋದ. ಅತ್ತೆಯ ವಯಸ್ಸಿನವಳೇ. ಅವಳು ಅವಳ ಭಾಷೆಯಲ್ಲಿ ಮಾತಾಡಿದಳು, ಅತ್ತೆ ಕನ್ನಡದಲ್ಲಿ. ಕೊಬ್ಬರಿಯ ಕರಟ ಬಿಡಿಸುತ್ತಿದ್ದ ನನಗೆ ನಗು ಬಂತು. ಸ್ವಲ್ಪ ಹೊತ್ತಿಗೆ ಆ ನಗು ಹೋಯಿತು. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಿದ್ದರು, ಹೂಂಗುಟ್ಟುತ್ತಿದ್ದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಲ್ಲಿ ಆಕೆಯೂ.

"ಏನಂತೆ ಅತ್ತೆ?" ಎಂದೆ.

"ಅವಳ ದೊಡ್ಡ ಮಗ ದೋಣಿ ಮಗುಚಿ ಹೋಗ್ಬುಟ್ನಂತೆ ಕಣೇ. ಹೆಣಾನೂ ಸಿಗ್ಲಿಲ್ವಂತೆ. ನಾನೂ ನನ್ ಮೊದಲ್ನೇ ಕೂಸಿನ್ ವಿಚಾರ ಹೇಳ್ದೆ."

"ಯಾವ ಕೂಸು?"

"ಇತ್ತು ಒಂದು, ಹೆಣ್ಣು. ಬುಡು, ಈಗ್ಯಾಕೆ."

ನನ್ನ ಗಂಡನಿಗೂ ಗೊತ್ತಿರದ ಸಂಗತಿ. ಮದುವೆಯಾಗಿ ಬಂದಾಗಿನಿಂದ ಅವರ ತಲೆಗೆ ಎಣ್ಣೆ ಹಚ್ಚಿದವಳು ನಾನು. ಕಾಲು ಮುರಿದಾಗ ಎತ್ತಿ ಕೂರಿಸಿದವಳೂ ನಾನೇ. ನನಗೆ ಹೇಳದ್ದನ್ನು ಅವತ್ತಿನವರೆಗೆ ಮುಖವನ್ನೇ ಕಾಣದಿದ್ದವಳಿಗೆ ಹೇಳಿದ್ದರು. ಹೊಟ್ಟೆ ಉರಿಯಿತು. ಆ ದೋಣಿಯ ಮಾತು ಸುಳ್ಳಾಗಿರಲಿ ಎಂದುಕೊಂಡೇ ರಘುವಿಗೆ ವಿಚಾರಿಸಲು ಹೇಳಿದೆ. ಮರುದಿನ ಅವನ ಫೋನ್ ಬಂತು.

"ನಿಜ ಅತ್ತಿಗೆ. ಈ ಮನೇಲೇ ಇದ್ರೂ ನಂಗೆ ಗೊತ್ತಿರ್ಲಿಲ್ಲ. ಅವ್ವಂಗೆ ಯಾರು ಹೇಳಿದ್ರು?"

ಅತ್ತೆಯನ್ನು ಕೇಳಿದರೆ, "ಅವ್ಳು ಹೇಳಿದ್ಲು, ನಾನು ಕೇಳ್ದೆ" ಅಷ್ಟೇ. ಅದು ಹೇಗೆ ಸಾಧ್ಯವೋ ಇವತ್ತಿಗೂ ನನಗೆ ತಿಳಿಯದು.

ಆಮೇಲೆ ಪ್ರತಿ ಭಾನುವಾರ ಇಬ್ಬರೂ ಮಾತಾಡುತ್ತಿದ್ದರು. ಒಮ್ಮೆ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ನಾನೇ ಫೋನ್ ಎತ್ತಿದೆ. ಆಕೆ ಬಹಳ ಹೊತ್ತು ಏನೋ ಹೇಳಿದಳು. ಉಸಿರು ಬಿಗಿಹಿಡಿದು ಕೇಳಿದೆ. ಒಂದು ಪದವೂ ಅರ್ಥವಾಗಲಿಲ್ಲ. ಆಗ ಬಾಗಿಲು ಮುಂದೆ ಮಾಡಿ, ನಾನು ಯಾರಿಗೂ ಹೇಳದ ಒಂದು ಮಾತನ್ನು ಮೆಲ್ಲಗೆ ಆಕೆಗೆ ಹೇಳಿದೆ. ಆಕೆ ಸುಮ್ಮನೆ ನಕ್ಕಳು. ಕಣ್ಣು ಮಾತ್ರ ನನ್ನ ಹೆಗಲಾಚೆ ಅತ್ತೆಯನ್ನು ಹುಡುಕುತ್ತಿತ್ತು.