ನಾನು ಕೂಗದ ಕೂಗು

ದೆವ್ವ, ಗಾಳಿ, ಗುಡ್ಡದ ಕೂಗು ಎಂದು ಹೆಂಗಸರು ಜಗಲಿಯಲ್ಲಿ ಕೂತು ಮಾತಾಡುವಾಗ ನಾನು ಎದ್ದು ಹೋಗುತ್ತಿದ್ದೆ. ಕೆಲಸವಿಲ್ಲದವರ ಹರಟೆ ಅಂತ ನನ್ನ ಎಣಿಕೆ. ಈಗಲೂ ಅಷ್ಟೇ, ಒಂದು ಬೆಳಗನ್ನು ಬಿಟ್ಟು. ಇಷ್ಟು ವರ್ಷ ನಾಚಿಕೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಓದು ಕಡಿಮೆ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರು ಲಿಂಗದಹಳ್ಳಿಗೆ ಹತ್ತಿರ, ಗುಡ್ಡದ ಬುಡ. ನನಗೂ ನನ್ನ ಮೈದುನನ ಹೆಂಡತಿ ಗಂಗಮ್ಮನಿಗೂ ಮಾತು ಬಿಟ್ಟು ಇಪ್ಪತ್ತು ದಿನವಾಗಿತ್ತು. ನಾನು ನನ್ನ ಮಗಳಿಗೆ ಬೆಣ್ಣೆ ಕದ್ದು ತಿನ್ನಿಸುತ್ತೇನೆಂದು ಅವಳು ಅತ್ತೆಗೆ ಹೇಳಿದ್ದಳು. ಹೇಳಿದ್ದು ನಿಜವಾದ್ದರಿಂದ ನನಗೆ ಸಿಟ್ಟು ಜಾಸ್ತಿ. ಮೊದಲು ಮಾತಾಡಿದವಳು ಸೋತ ಹಾಗೆ. ಒಂದೇ ಒಲೆಯ ಮುಂದೆ ಕೂತರೂ, ಉಪ್ಪು ಬೇಕಾದರೆ ಬೆಕ್ಕಿಗೆ ಹೇಳುತ್ತಿದ್ದೆವು.

ಒಂದು ಬೆಳಗ್ಗೆ ಅತ್ತೆ ಪೊರಕೆಗೆ ಈಚಲು ಗರಿ ತರಲು ಇಬ್ಬರನ್ನೂ ಕಳಿಸಿದರು. ಈಚಲು ಹಣ್ಣಾಗುವ ಕಾಲ, ಅದನ್ನು ತಿನ್ನಲು ಕರಡಿ ಇಳಿಯುವ ಕಾಲ. ಮಾವ ಬಾಗಿಲಲ್ಲೇ ತಡೆದರು.

"ಮಾತಾಡ್ಕೊಂಡು ಹೋಗ್ರಮ್ಮ. ಕರಡಿಗೆ ಕಣ್ಣು ಮಂದ. ಸದ್ದು ಕೇಳಿದ್ರೆ ಅದೇ ದಾರಿ ಬಿಡ್ತೈತೆ. ಸದ್ದಿಲ್ದೆ ಹೋಗಿ ಎದುರು ಬಿದ್ರೆ ಮುಖಾನೇ ಕಿತ್ತಾಕ್ತೈತೆ. ಬೇರೆ ಮಾತಿಲ್ದಿದ್ರೆ ಜಗಳಾನೇ ಆಡಿ, ತರೀಕೆರೆ ದಾಟಿ ಓಡೋಗ್ತೈತೆ."

ನಾವು ನಗಲಿಲ್ಲ. ನಾನು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಮುಂದೆ ನಡೆದೆ. ಅವಳು ಇಪ್ಪತ್ತು ಹೆಜ್ಜೆ ಹಿಂದೆ, ತಲೆ ಬಗ್ಗಿಸಿಕೊಂಡು.

ದಾರಿ ಎರಡಾಗುವ ಕಡೆ, ಪೊದೆಯ ಮಗ್ಗುಲಿಗೆ, ಬಗೆದು ಹಾಕಿದ ಒಂದು ಹುತ್ತವಿತ್ತು. ಮಣ್ಣು ಇನ್ನೂ ಹಸಿ, ಗೆದ್ದಲು ದಿಕ್ಕೆಟ್ಟು ಹರಿದಾಡುತ್ತಿದ್ದವು. ಕರಡಿ ಈಗತಾನೆ ತಿಂದು ಎದ್ದಿದೆ, ದೂರ ಹೋಗಿಲ್ಲ ಎಂದು ಅರ್ಥ. ಗಟ್ಟಿಯಾಗಿ ಮಾತಾಡುತ್ತಾ ಹಿಂದಕ್ಕೆ ತಿರುಗಬೇಕು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದರೆ ಸೋತೆ. ಅವಳಿಗೂ ಕಣ್ಣಿದೆ, ನೋಡಿಕೊಳ್ಳಲಿ ಎಂದು ಮೇಲಿನ ದಾರಿ ಹಿಡಿದು ಬಯಲಿಗೆ ಬಂದು ನಿಂತೆ. ಅವಳು ಹಳ್ಳದ ದಾರಿಗೆ ಇಳಿದದ್ದನ್ನು ನೋಡಿದೆ. ಆಗಲೂ ಕೂಗಲಿಲ್ಲ.

ಸ್ವಲ್ಪ ಹೊತ್ತಿಗೆ ಗಂಗಮ್ಮ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತಾ ಹಳ್ಳದಿಂದ ಮೇಲೆ ಬಂದಳು. ಅವಳ ಆಚೆ, ಈಚಲ ಮೆಳೆಯಲ್ಲಿ, ಕರಡಿ ಎದ್ದು ನಿಂತು ಗಾಳಿ ಮೂಸಿತು. ಆಮೇಲೆ ಮರಿಯನ್ನು ಬೆನ್ನಿಗೆ ಹತ್ತಿಸಿಕೊಂಡು ಇಳಿದು ಹೋಯಿತು. ಗಂಗಮ್ಮ ಬಂದು ನನ್ನ ಕೈ ಹಿಡಿದಳು.

"ಅಕ್ಕ, ನೀನು ಕೂಗ್ದೇ ಇದ್ದಿದ್ರೆ ಅದರ ಮೇಲೇ ಕಾಲಿಡ್ತಿದ್ದೆ ಕಣೆ. 'ಗಂಗಿ, ನಿಂತ್ಕೊ, ಹುತ್ತ ಬಗೆದೈತೆ' ಅಂದ್ಯಲ್ಲ, ಕಾಲು ಅಲ್ಲೇ ನಿಂತೋಯ್ತು."

ಸುತ್ತ ನೋಡಿದೆ. ಬಯಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಲೆಯಡಿಕೆ ಇನ್ನೂ ಬಾಯಲ್ಲೇ ಇತ್ತು. ರಸದ ಸಮೇತ ನುಂಗಿ "ಹೂಂ" ಅಂದೆ.

ಮನೆಯಲ್ಲಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಮಾತು ಬಿಟ್ಟಿದ್ದರೂ ಜೀವ ಉಳಿಸಿದಳು ಎಂದು ಅತ್ತೆ ನನ್ನ ಮಗಳ ಕೈಗೆ ತಾವೇ ಬೆಣ್ಣೆ ಇಟ್ಟರು.

ಭಯಕ್ಕೆ ಅವಳ ಕಿವಿಯೇ ಕೂಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟೋ ವರ್ಷದ ಮೇಲೆ ಒಮ್ಮೆ, ಹಸಿಯವರೆ ಬಿಡಿಸುತ್ತಾ, "ಆವತ್ತು ಆ ಹುತ್ತ ನೀನು ನೋಡಿದ್ಯೇನೇ?" ಎಂದು ಕೇಳಿದೆ.

"ಎಲ್ಲಿ ನೋಡ್ದೆ? ಸಿಟ್ಟಲ್ಲಿ ನೆಲ ನೋಡ್ಕೊಂಡು ಬರ್ತಿದ್ದೆ. ನೀನು ಹೇಳಿದ್ಮೇಲೇ ಗೊತ್ತಾಗಿದ್ದು. ನಿನ್ನ ಗಂಟಲು ನಂಗೊತ್ತಿಲ್ವಾ ಅಕ್ಕ?" ಅಂದಳು.

ಆ ಹುತ್ತ ನೋಡಿದವಳು ನಾನೊಬ್ಬಳೇ. ಹಾಗಾದರೆ ಕೂಗಿದವರು ಯಾರು, ನನಗೆ ತಿಳಿಯದು. ನಾನಲ್ಲ ಎಂದು ಮಾತ್ರ ಗೊತ್ತು. ಗಂಗಮ್ಮ ಹೋದ ವರ್ಷ ತೀರಿಕೊಂಡಳು, ನಾನೇ ಎಂದು ನಂಬಿಕೊಂಡು.