ಹೆಬ್ಬೆರಳಿನ ಪ್ಲಾಸ್ಟರ್

ಬ್ರಿಟಿಷರ ಕಾಲದಲ್ಲಿ ನಾನು ಮಡಿಕೇರಿಯಲ್ಲಿ ಡಾಕ್ಟರಾಗಿದ್ದೆ. ಕಕ್ಕಬೆಯ ಹಾಕಿ ಆಟಗಾರನೊಬ್ಬ ಆಡುವಾಗ ಬಿದ್ದು ಬಂದಿದ್ದ. ಅವನ ಹೆಬ್ಬೆರಳಿನ ಬುಡದ ಕೀಲನ್ನು ಹಿಡಿದಿಡುವ ನಾರು ಹರಿದಿತ್ತು. ತಿಂಗಳೊಪ್ಪತ್ತು ಬಿಚ್ಚಬಾರದೆಂದು ಹೇಳಿ ಪ್ಲಾಸ್ಟರ್ ಹಾಕಿದೆ. ಮುಂದಿನ ವಾರವೇ ಊದಿದ ಬೆರಳು ಹಿಡಿದು ಬರಿಗೈಯಲ್ಲಿ ಬಂದ.

“ಪ್ಲಾಸ್ಟರ್ ಎಲ್ಲಯ್ಯಾ?”

“ಮ್ಯಾಚ್ ಇತ್ತಲ್ಲ ಡಾಕ್ಟ್ರೇ, ಕತ್ತೀಲಿ ಕೊಯ್ದು ತೆಗ್ದೆ.”

ಜೊತೆಗೆ ಅವನ ಅಪ್ಪನೂ ಬಂದಿದ್ದರು. ಅವರಾದರೂ ಮಗನಿಗೆ ಬುದ್ಧಿ ಹೇಳುತ್ತಾರೆಂದುಕೊಂಡೆ. ಅವರು ಹಾಕಿ ಸ್ಟಿಕ್ಕನ್ನು ನನ್ನ ಮೇಜಿನ ಮೇಲಿಟ್ಟು, “ಈ ಸಲ ಇದನ್ನು ಹಿಡಿಸಿಯೇ ಪ್ಲಾಸ್ಟರ್ ಹಾಕಿಬಿಡಿ, ನಾಡಿದ್ದು ಫೈನಲ್” ಎಂದರು!

ಸ್ಟಿಕ್ಕನ್ನು ಕಿಟಕಿಯಿಂದಾಚೆ ಎಸೆದು ಮತ್ತೆ ಪ್ಲಾಸ್ಟರ್ ಹಾಕಿದೆ. ಅದನ್ನೂ ಕೊಯ್ದು ಆಡಿದ, ಗೆದ್ದ. ಆ ಹೆಬ್ಬೆರಳಿಗೆ ಮಾತ್ರ ಅಂಗಿಯ ಗುಂಡಿ ಹಾಕುವಷ್ಟು ಬಲವೂ ಮರಳಿ ಬರಲಿಲ್ಲ. ನೆನೆಸಿಕೊಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ.